ಯಂತ್ರದ ಕೈಯಲ್ಲಿ ಎರಡು ನಿಂಬೆಹಣ್ಣು

ಶಿವಕಾಂತಾ ಅವರಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ‘ಕಾಯಿದೆ ಅಕ್ಕೋರು’. ಅಫಜಲಪುರದಲ್ಲಿ ವಿಜ್ಞಾನ ಕಲಿಸುವ ಈ ಹೆಣ್ಣುಮಗಳು ಮನೆಯ ಚೌಕಾಬಾರದಲ್ಲೂ ಕವಡೆ ಓರೆಯಾಗಿ ಬಿದ್ದರೆ ಮತ್ತೆ ಹಾಕಿಸುವವರು. ಎದುರಿಗೆ ಸ್ವಂತ ತಮ್ಮನೇ ಕೂತಿರಲಿ, ಬಿಡುತ್ತಿರಲಿಲ್ಲ!

ಹಾಗಾಗಿ ತೊಂಬತ್ತಮೂರರಲ್ಲಿ ಊರಿನಲ್ಲಿ ಮಕ್ಕಳ ಯಂತ್ರಗಳ ಪಂದ್ಯ ನಡೆದಾಗ ತೀರ್ಪುಗಾರರ ಸೀಟಿ ಅವರ ಕೈಗೇ ಬಂತು. ಹಳೆಯ ಟೇಪ್ ರೆಕಾರ್ಡರಿನ ಮೋಟಾರು, ಸೈಕಲ್ ಕಡ್ಡಿ, ಉದ್ದನೆಯ ವೈರಿನ ತುದಿಗೆ ಸ್ವಿಚ್ಚು, ಇಷ್ಟರಲ್ಲೇ ಮಾಡಿದ ಗಾಡಿಗಳು. ಹೊತ್ತು ಮುಗಿದ ಸೀಟಿ ಊದುವುದರೊಳಗೆ ನೆಲದ ನಿಂಬೆಹಣ್ಣು ಎತ್ತಿ ಬುಟ್ಟಿಗೆ ಹಾಕಬೇಕು. ಒಮ್ಮೆಗೆ ಒಂದೇ, ಎರಡು ಹಿಡಿದರೆ ಆಟದಿಂದ ಹೊರಗೆ. ಆಟ ಶುರುವಾದ ಮೇಲೆ ಗಾಡಿಯನ್ನು ಕೈಯಿಂದ ಮುಟ್ಟುವಂತಿಲ್ಲ. ಗೆದ್ದವರು ಕಲಬುರ್ಗಿಯ ಜಿಲ್ಲಾ ಪಂದ್ಯಕ್ಕೆ.

ಕೊನೆಗೆ ಉಳಿದವರು ಆಳಂದ ಕಡೆಯ ಹುಡುಗರು ಮತ್ತು ಮಣ್ಣೂರಿನ ಹುಡುಗಿಯರು. ಶಿವಕಾಂತಾ ಕಲಿಯುವಾಗ ಪ್ರಯೋಗದ ಸಾಮಾನೆಲ್ಲ ಹುಡುಗರ ಕೈಯಲ್ಲಿ, ಹುಡುಗಿಯರು ದೂರದಿಂದ ನೋಡಬೇಕು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಈ ಹುಡುಗಿಯರು ಗೆಲ್ಲಲಿ ಎಂದು ಅವರ ಜೀವ ಹಪಹಪಿಸುತ್ತಿತ್ತು. ಆದರೆ ಸೀಟಿ ಹಿಡಿದವರು ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ!

ಆಟ ಭರಾಟೆಯಿಂದ ನಡೆದಿತ್ತು. ಐದಕ್ಕೆ ಐದು ಸಮ. ಅಷ್ಟರಲ್ಲಿ ಹುಡುಗರ ಮಾಸ್ತರ ಬಸವಂತರಾಯ ಎದ್ದು ಕೂಗಿದರು.

“ನಿಲ್ಲಸ್ರಿ ಅಕ್ಕೋರ! ಆ ಗಾಡಿ ಎರಡು ನಿಂಬಿಹಣ್ಣು ಹಿಡದದ!”

ನಿಜವೇ! ಹುಡುಗಿಯರ ಗಾಡಿಯ ಚಿಮಟಿಗೆಯಲ್ಲಿ ಒಂದು. ಅದರ ಮೇಲಿನ ಕಬ್ಬಿಣದ ತೋಳಿಗೆ ಹಸಿಮೆಣಸಿನಕಾಯಿಯ ಜೊತೆ ಕಟ್ಟಿದ್ದು ಇನ್ನೊಂದು. ಸ್ವಿಚ್ಚು ಹಿಡಿದಿದ್ದ ಹುಡುಗಿ ಗುರಮ್ಮ; ಅವಳ ಅಜ್ಜಿ ರೇವಮ್ಮ, ಗಾಡಿಗೆ ದೃಷ್ಟಿ ತಾಗಬಾರದೆಂದು ಆಟಕ್ಕೆ ಮೊದಲು ಸದ್ದಿಲ್ಲದೆ ದಾರ ಸುತ್ತಿಬಿಟ್ಟಿದ್ದಳು.

ಶಿವಕಾಂತಾ ಆಟ ನಿಲ್ಲಿಸಿದರು. ಗುರಮ್ಮ ಗಾಡಿಯತ್ತ ಒಂದು ಹೆಜ್ಜೆ ಇಟ್ಟು ನಿಂತಳು. ಬಿಚ್ಚೋಣವೆಂದರೆ ಗಾಡಿ ಮುಟ್ಟುವಂತಿಲ್ಲ.

“ಸರ್, ಆ ಕಟ್ಟಿದ್ದು ಆಟದ ಹಣ್ಣು ಅಂತೀರೇನ್ರಿ?” ಶಿವಕಾಂತಾ ಮಾಸ್ತರನ್ನು ಕೇಳಿದರು.

“ಹೌದ್ರಿ. ಹಣ್ಣು ಅಂದ್ರ ಹಣ್ಣೇ.”

“ಹಂಗಾದ್ರ ಅದು ಬುಟ್ಟಿಗಿ ಬಿದ್ರ ಅಂಕ ಕೊಡಬೇಕಾಗ್ತದ. ಕೊಡ್ಲೇನು?”

“ಏ, ಅದ್ಹೆಂಗ್ರಿ! ಮನಿಯಿಂದ ತಂದಿದ್ದಕ್ಕ ಎಲ್ಲೀ ಅಂಕ?”

“ಅಂಕ ಇಲ್ಲಂದ್ರ ತಪ್ಪೂ ಇಲ್ಲ. ಆಟ ನಡೀಲಿ!”

ಜನ ಹೋ ಎಂದರು. ಮಾಸ್ತರು ಗೊಣಗುತ್ತಾ ಕುಳಿತರು. ಉಳಿದದ್ದು ಅರ್ಧ ನಿಮಿಷ. ಹುಡುಗರ ಗಾಡಿ ಹಣ್ಣು ಹುಡುಕುತ್ತಾ ಮೂಲೆಯಲ್ಲಿ ಸಿಕ್ಕಿಕೊಂಡಿತು. ಹುಡುಗಿಯರದ್ದು ಗಡಗಡ ಬುಟ್ಟಿಯತ್ತ ಹೊರಟಿತು. ತೋಳು ಚಾಚಿತು, ದಾರ ಬುಟ್ಟಿಯ ಅಂಚಿಗೆ ಸಿಕ್ಕಿ ಪಟ್ಟೆಂದು ಹರಿಯಿತು. ಟಪ್! ಬುಟ್ಟಿಯಲ್ಲಿ ನಿಂಬೆಹಣ್ಣು!

“ಗೆದ್ದಿವಿ! ಗೆದ್ದಿವಿ!” ಹುಡುಗಿಯರು ಕುಣಿದರು. ಗುರಮ್ಮ ಸ್ವಿಚ್ಚನ್ನೇ ಕೆಳಗಿಟ್ಟಳು.

ಅಯ್ಯೋ ದೇವರೇ! ಬಿದ್ದದ್ದು ದೃಷ್ಟಿಯ ಹಣ್ಣು. ಆಟದ ಹಣ್ಣು ಇನ್ನೂ ಚಿಮಟಿಗೆಯಲ್ಲೇ ಇದೆ! ಶಿವಕಾಂತಾ ಅವರ ಗಂಟಲಿನವರೆಗೂ ಮಾತು ಬಂತು. ಹೇಳುವಂತಿಲ್ಲ. ಕಣ್ಣು ಗಡಿಯಾರದ ಮೇಲೆ, ಸೀಟಿ ತುಟಿಯ ಮೇಲೆ. ಒಂದು ಕ್ಷಣ ತಡವಾಗಿ ಊದಿದರೆ ಕೇಳುವವರು ಯಾರು? ಛೇ, ಅದು ಅವರಿಂದ ಆಗದ ಮಾತು.

ಆಗ ರೇವಮ್ಮಜ್ಜಿ ಜನರ ನಡುವಿನಿಂದಲೇ ಅರಚಿದಳು: “ಏ ಗುರವ್ವಾ, ಖೋಡಿ! ಅದು ನಂದು ಬೇ! ನಿಂದು ಇನ್ನಾ ಅದರ ಬಾಯಾಗ ಅದ, ಬಿಡಸ!”

ಗುರಮ್ಮ ಬಿದ್ದೆನೋ ಎದ್ದೆನೋ ಎಂದು ಸ್ವಿಚ್ಚಿಗೆ ಕೈ ಹಾಕಿದಳು. ಚಿಮಟಿಗೆ ಬಾಯಿ ತೆರೆಯಿತು. ಟಪ್!

ಪೀಽಽ!

ಬಸವಂತರಾಯರು ದಾಪುಗಾಲಲ್ಲಿ ಬಂದರು. ಶಿವಕಾಂತಾ ಸೀಟಿಯನ್ನು ಬಾಯಿಂದ ತೆಗೆದರು.

“ಮೊದಲ ಬಿದ್ದಿದ್ದು ಹಣ್ಣು. ಆಮ್ಯಾಲ ಸೀಟಿ,” ಅಂದರು ಅವರು.

ಮಾಸ್ತರು ತಮ್ಮ ಹುಡುಗರತ್ತ ಒಮ್ಮೆ ನೋಡಿದರು. “ನಾನೂ ಬುಟ್ಟೀನೇ ನೋಡಾಕತ್ತಿದ್ದೆ ಅಕ್ಕೋರ. ಹಣ್ಣೇ ಮೊದಲ,” ಅಂದುಬಿಟ್ಟರು.

ಗುರಮ್ಮ ಓಡಿಬಂದು ಅಕ್ಕೋರ ಸೊಂಟ ತಬ್ಬಿದಳು. ಶಿವಕಾಂತಾ ಅವರಿಗೆ ಅಳುವೋ ನಗುವೋ ತಿಳಿಯದು. ಸೀಟಿ ಮತ್ತೆ ಬಾಯಿಗಿಟ್ಟುಕೊಂಡು, ಯಾವ ಕಾಯಿದೆಯೂ ಇಲ್ಲದೆ, ಕೆನ್ನೆ ಉಬ್ಬಿಸಿ ಊದಿದರು, ಊದಿದರು, ಊದುತ್ತಲೇ ಇದ್ದರು.