ಟಾಕಿ ಹಾಕಿದ ಸ್ಟ್ಯಾಂಡು

ಮೊನ್ನೆ ಪಕ್ಕದ ಮನೆಯವರು ಹೊಸ ಗೇಟಿಗೆ ರೆಡ್ ಆಕ್ಸೈಡ್ ಹಚ್ಚಿಸುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಹೆಂಡತಿ ನೋಡಿ ನಕ್ಕಳು. ನೀವೂ ನಗಬಹುದು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿಯುವ ಬಣ್ಣಕ್ಕೆ ಹೆದರುವ ಗಣಿತದ ಮಾಸ್ತರನೊಬ್ಬ ಬಸವಕಲ್ಯಾಣದಲ್ಲಿದ್ದಾನೆ ಎಂದು ತಿಳಿದರೆ ನನ್ನ ಕ್ಲಾಸಿನ ಮಕ್ಕಳು ನನ್ನನ್ನು ಸುಮ್ಮನೆ ಬಿಡಲಾರರು. ಆದರೂ ಹೇಳಿಬಿಡುತ್ತೇನೆ, ಹೇಳಿಕೊಂಡರೆ ಸ್ವಲ್ಪ ಹಗುರಾದೀತು.

ನಮ್ಮಪ್ಪನ ಹಳೆಯ ಮೋಟಾರ್ ಸೈಕಲ್ ಒಂದು ನನ್ನ ಹತ್ತಿರ ಇದೆ. ಅಂಥ ಇಂಜಿನ್ನಿಗೆ ಕೈ ಹಾಕುವವರು ಈಗ ಕಡಿಮೆ. ಹುಮನಾಬಾದಿನಲ್ಲಿ, ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಗ್ಯಾರೇಜ್ ಇಟ್ಟಿರುವ ಝರೆಪ್ಪ ಕಾಕಾ ಅವರಲ್ಲೊಬ್ಬರು. ಊರು ಬೇಮಳಖೇಡ, ಬೆಳಿಗ್ಗೆ ಎಮ್ಮೆ ಹಿಂಡಿ, ಹಾಲು ಹಾಕಿ, ಬಸ್ಸು ಹಿಡಿದು ಬರುತ್ತಾರೆ. ಅವರ ಎಡಗೈಯ ಉಂಗುರದ ಬೆರಳಿಗೆ ತುದಿ ಇಲ್ಲ, ಎಂದೋ ಚೈನಿಗೆ ಸಿಕ್ಕು ಹೋಗಿದೆ. ಉಳಿದ ಒಂಬತ್ತರ ಮೇಲೆ ಸಂಸಾರ ನಡೆಯುತ್ತಿದೆ. ಇಂಜಿನ್ನಿನಲ್ಲಿ ಎಲ್ಲಿಯೋ ಎಣ್ಣೆ ಜಿನುಗುತ್ತಿದ್ದರೆ ಅವರು ಬ್ಯಾಟರಿ ಹಿಡಿದು ಹುಡುಕುವವರಲ್ಲ. ಕಣ್ಣು ಮುಚ್ಚಿಕೊಂಡು ಅದರ ಅಡಿಗೆ ಬಲಗೈ ತೂರಿಸಿ ಬೆರಳಿನಿಂದ ತಡಕುತ್ತಾರೆ. "ಕಣ್ಣಿಗಿಂತ ನನಗ ಬಟ್ಟಿಗೇ ಜಲ್ದಿ ತಿಳೀತದ್ರಿ ಮಾಸ್ತರ" ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಅಪ್ಪನ ಗಾಡಿಯ ಇಂಜಿನ್ ಜಾಮ್ ಆಯಿತು. ಕಾಕಾ ಅದನ್ನು ಇಳಿಸಿ, ಹಳೇ ಟೈರಿನ ಮೇಲೆ ಇಟ್ಟುಕೊಂಡು, ಕುಕ್ಕರುಗಾಲಿನಲ್ಲಿ ಕೂತು ಬಿಚ್ಚತೊಡಗಿದರು. ಏಳುವಾಗಲೆಲ್ಲ ಮೊಣಕಾಲು ಹಿಡಿದುಕೊಂಡು "ಯಪ್ಪಾ" ಎನ್ನುವುದನ್ನು ಕೇಳಲಾರದೆ ನಾನು, "ಕಾಕಾ, ಇದಕ್ಕೊಂದು ಸ್ಟ್ಯಾಂಡ್ ಬೇಕ್ರಿ" ಎಂದೆ.

"ಹೈದರಾಬಾದದಾಗ ತಯಾರ್ ಸಿಗ್ತಾವಂತ. ಒಂದು ತರಿಸಿಬಿಡ್ರಿ, ನಿಮಗ ಪುಣ್ಯಾ ಬರ್ತದ."

ತರಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ಅಂಥ ಸ್ಟ್ಯಾಂಡುಗಳ ಚಿತ್ರ ನೋಡಿದೆ. ನಾಲ್ಕು ಕಾಲು, ಒಂದು ಚೌಕಟ್ಟು, ಇಂಜಿನ್ ಕೂಡಿಸಲು ಎರಡು ಪಟ್ಟಿ. ಇಷ್ಟಕ್ಕಾಗಿ ಯಾರಾದರೂ ಅಂಗಡಿಗೆ ಹೋಗುತ್ತಾರೆಯೇ? ಅದೂ ವರ್ಷಗಟ್ಟಲೆ ಕರಿಹಲಗೆಯ ಮೇಲೆ ತ್ರಿಕೋನ ಬರೆದವನು? "ಕೊಳ್ಳೋದ್ಯಾಕ್ರಿ ಕಾಕಾ, ನಾನೇ ಮಾಡಿಸ್ತೀನಿ" ಎಂದೆ. ಕಾಕಾ ನನ್ನ ಮುಖವನ್ನೊಮ್ಮೆ ನೋಡಿ, "ಮಾಡಿಸ್ರಿ" ಎಂದರು. ಮನೆಗೆ ಬಂದವನೇ ಮಗಳ ಕಂಪಾಸ್ ಪೆಟ್ಟಿಗೆ ಕಸಿದುಕೊಂಡು ನಕ್ಷೆ ಬರೆಯಲು ಕೂತೆ. ಕೋನಗಳೆಲ್ಲ ಕರಾರುವಾಕ್ಕಾಗಿ ತೊಂಬತ್ತು ಡಿಗ್ರಿ.

ನಮ್ಮೂರ ವೆಲ್ಡಿಂಗ್ ಅಂಗಡಿಯ ಸಲೀಂ ಭಾಯ್ ಆ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಿಚಿ ಕಿಸೆಗೆ ಹಾಕಿಕೊಂಡು, ತಮ್ಮ ಅಂದಾಜಿನಲ್ಲೇ ಪೈಪು ಕೊಯ್ದರು. ಎರಡು ದಿನ ಬಿಟ್ಟು ಹೋದಾಗ ಸ್ಟ್ಯಾಂಡು ನಿಂತಿತ್ತು. "ಟಾಕಿ ಹಾಕೀನ್ರಿ ಮಾಸ್ತರ. ಒಂದ ಸಲ ಇಂಜಿನ್ ಕೂಡ್ಸಿ ನೋಡ್ರಿ" ಎಂದರು. ಮುಂದೆ ಇನ್ನೇನೋ ಹೇಳಿದರು, ಪಕ್ಕದಲ್ಲಿ ಗ್ರೈಂಡರ್ ಅರಚುತ್ತಿತ್ತು. ಕೇಳಿಸದಿದ್ದಾಗ ಎಲ್ಲರೂ ಮಾಡುವಂತೆ ನಾನೂ ತಲೆಯಾಡಿಸಿದೆ.

ಟಾಕಿ ಎಂದರೆ ನಮ್ಮ ಕಡೆ ಹೊಲಿಗೆ. ಸಣ್ಣವನಿದ್ದಾಗ ಕೋಟೆಯ ಮೆಟ್ಟಿಲ ಮೇಲೆ ಬಿದ್ದು ಹುಬ್ಬು ಒಡೆದುಕೊಂಡಿದ್ದೆ. ಡಾಕ್ಟರು ನಾಲ್ಕು ಟಾಕಿ ಹಾಕಿದ್ದರು. ಆ ಹುಬ್ಬು ಇವತ್ತಿನವರೆಗೂ ಬಿಟ್ಟುಕೊಂಡಿಲ್ಲ. ಹಾಗಾಗಿ ಟಾಕಿ ಬಿತ್ತೆಂದರೆ ಕೆಲಸ ಮುಗಿಯಿತು ಎಂದೇ ನನ್ನ ತಿಳಿವಳಿಕೆ. ಸ್ಟ್ಯಾಂಡನ್ನು ಮನೆಗೆ ತಂದು ನಾನೇ ಎರಡು ಕೈ ರೆಡ್ ಆಕ್ಸೈಡ್ ಬಳಿದೆ. ಕಾಲು ಕೂಡುವ ಕಡೆ ಅಕ್ಕರೆಯಿಂದ ಇನ್ನೊಂದು ಕೈ.

ಕಾಕಾ ಅದರ ಮೇಲೆ ಇಂಜಿನ್ ಕೂಡಿಸಿ, ನಿಂತುಕೊಂಡೇ ಕೆಲಸ ಶುರು ಮಾಡಿದರು. ಬಂದ ಗಿರಾಕಿಗಳಿಗೆಲ್ಲ "ನಮ್ಮ ಮಾಸ್ತರ ಮಾಡಿಸ್ಯಾರ" ಎಂದು ತೋರಿಸಿದರು. ನಾನು ಉಬ್ಬಿಹೋದೆ.

ಒಂದು ವಾರ ಕಳೆದಿರಬೇಕು. ಭಾನುವಾರ ಬೆಳಿಗ್ಗೆ ಹೆಂಡತಿ ಕುಪ್ಪಸ ಹೊಲಿಯುತ್ತ ತೋಳಿಗೆ ಉದ್ದುದ್ದ ದಾರ ಎಳೆಯುತ್ತಿದ್ದಳು. ಸುಮ್ಮನೆ ಕೆಣಕಲೆಂದು, "ಇಷ್ಟು ದೂರ ದೂರ ಟಾಕಿ ಹಾಕಿದ್ರ ನಿಲ್ತದೇನು?" ಎಂದೆ.

"ನಿಲ್ಲಲಿ ಅಂತ ಯಾರ ಹಾಕ್ಯಾರ? ಇದು ಕಚ್ಚಾ ಟಾಕಿ. ಮೈಮ್ಯಾಲ ಇಟ್ಟು ನೋಡೋತನಕ ಅಷ್ಟೇ. ಬರಾಬರ್ ಕುಂತ್ರ ಆಮ್ಯಾಲ ಮಿಷನ್ ಹೊಲಿಗಿ."

ಇಟ್ಟು ನೋಡೋತನಕ. ಕೂಡ್ಸಿ ನೋಡ್ರಿ. ಸಲೀಂ ಭಾಯಿಗೆ ಫೋನ್ ಹಚ್ಚಿದೆ.

"ಹೌದ್ರಿ, ಬರೇ ಟಾಕಿ ಅದ. ಮೂಲಿಗೊಂದು ಚುಕ್ಕಿ. ನೋಡಿ ವಾಪಸ್ ತರ್ರಿ, ಪೂರಾ ವೆಲ್ಡಿಂಗ್ ಹೊಡೀತೀನಿ ಅಂದಿದ್ನಲ್ರಿ? ನಿಮ್ಮ ದಾರಿನೇ ನೋಡಾಕತ್ತೀನಿ." ಕಾಕಾ ಅದರ ಮೇಲೇ ಕೆಲಸ ನಡೆಸಿದ್ದಾರೆ ಎಂದೆ. ಅವರ ದನಿ ಬದಲಾಯಿತು. "ಇಂಜಿನ್ ಅದರ ಮ್ಯಾಲೇ ಅದ ಏನ್ರಿ? ಯಾ ಅಲ್ಲಾ! ಜಲ್ದಿ ಹೋಗ್ರಿ ಮಾಸ್ತರ."

ಕಾಕಾ ಫೋನ್ ಎತ್ತಲಿಲ್ಲ. ಕೆಲಸಕ್ಕೆ ನಿಲ್ಲುವಾಗ ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ, ಫೋನ್ ಅದರ ಕಿಸೆಯಲ್ಲೇ ಇರುತ್ತದೆ. ಸಿಕ್ಕ ಬಸ್ಸು ಹತ್ತಿದೆ. ಬಂಗ್ಲಾ ಕ್ರಾಸಿನಲ್ಲಿ ಡ್ರೈವರ್ ಇಳಿದು ಚಹಾ ಕುಡಿಯತೊಡಗಿದಾಗ ನನಗೆ ಅಳು ಬರುವುದೊಂದು ಬಾಕಿ. ಕಣ್ಣು ಮುಚ್ಚಿದರೆ ಸಾಕು, ಅವರು ಕಣ್ಣು ಮುಚ್ಚಿಕೊಂಡು ಕೈ ತೂರಿಸುವುದು ಕಾಣುತ್ತಿತ್ತು. ಏನಾದರೂ ಆಗಿಹೋಗಿದ್ದರೆ ಬೇಮಳಖೇಡದ ಆ ಮನೆಯ ಮುಂದೆ ನಾನು ಹೇಗೆ ನಿಲ್ಲಲಿ? ಇನ್ನೊಂದನ್ನೂ ಮುಚ್ಚಿಡದೆ ಹೇಳುತ್ತೇನೆ. ಬಣ್ಣದ ಕೆಳಗೆ ಏನಿತ್ತೆಂದು ಯಾರಿಗೂ ತಿಳಿಯಲಾರದು, ಕಬ್ಬಿಣವೇ ಸರಿಯಿರಲಿಲ್ಲ ಅಂದರಾಯಿತು ಎಂಬ ವಿಚಾರವೂ ಒಂದು ಗಳಿಗೆ ಬಂದುಹೋಯಿತು. ಅದು ಬಂದದ್ದಕ್ಕೆ ನನಗೆ ನನ್ನದೇ ಹೆದರಿಕೆಯಾಯಿತು.

ಗ್ಯಾರೇಜಿನ ಬಾಗಿಲಿಗೆ ಬಂದಾಗ ಕಾಕಾರ ಬಲಗೈ ಮೊಣಕೈವರೆಗೆ ಇಂಜಿನ್ನಿನ ಕೆಳಗಿತ್ತು. ಕಣ್ಣು ಮುಚ್ಚಿತ್ತು. ಕೂಗಿದರೆ ಬೆಚ್ಚಿ ಸ್ಟ್ಯಾಂಡಿನ ಕಾಲಿಗೆ ತಾಗಿಸಿಯಾರು. ಕಳ್ಳನ ಹಾಗೆ ಹತ್ತಿರ ಹೋಗಿ ಇಂಜಿನ್ನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ.

"ಕಾಕಾ, ಕೈ ಹೊರಗ ತಗೀರಿ."

"ಏನಾತ್ರಿ?"

"ಮೊದಲ ತಗೀರಿ."

ತೆಗೆದರು. ಇಬ್ಬರೂ ಸೇರಿ ಇಂಜಿನ್ ಇಳಿಸಿದೆವು. ನಾನು ತೊದಲುತ್ತ ಎಲ್ಲ ಹೇಳಿದೆ. ಕಾಕಾ ಸಣ್ಣ ಸುತ್ತಿಗೆ ತೆಗೆದುಕೊಂಡು ಹಿಂದಿನ ಕಾಲಿಗೆ ಮೆಲ್ಲಗೆ ಒಂದೇ ಏಟು ಕೊಟ್ಟರು. ಕಾಲು ಕಳಚಿ ಬಿತ್ತು. ಕೆಂಪು ಬಣ್ಣದ ನಡುವೆ ಜೋಳದ ಕಾಳಿನಷ್ಟು ಜಾಗ ಹೊಳೆಯುತ್ತಿತ್ತು. ಇಷ್ಟು ದಿನ ಹಿಡಿದದ್ದು ಅದು.

ಕಾಕಾ ನೆಲದ ಮೇಲೆ ಕೂತರು. ಎಡಗೈಯಿಂದ ಬಲಗೈಯನ್ನು ತಿಕ್ಕಿಕೊಂಡರು.

"ಬೈರಿ ಕಾಕಾ" ಎಂದೆ.

"ಏನಂತ ಬೈಲಿ? ಅಂಗಡ್ಯಾಗಿಂದು ತಂದಿದ್ರ ನಾಕೂ ಕಡೆ ಬಡದು ನೋಡ್ತಿದ್ದೆ. ಇದು ನೀವು ಮಾಡಿಸೀರಿ ಅಂತ ಬಡದೇ ನೋಡಲಿಲ್ರಿ."

ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

ಸ್ಟ್ಯಾಂಡು ಸಲೀಂ ಭಾಯಿಯ ಅಂಗಡಿಗೆ ಹೋಯಿತು. ಪ್ರತಿ ಜೋಡಣೆಯೂ ವೆಲ್ಡಿಂಗಿನಿಂದ ಸುತ್ತಲೂ ತುಂಬುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಈ ಸಲ ಬಣ್ಣ ಹಚ್ಚಲಿಲ್ಲ. ಅಂದಿನಿಂದ ಕಾಕಾ ಒಂದು ರೂಢಿ ಮಾಡಿಕೊಂಡರು. ನಾನು ಇದ್ದಾಗ ಇಂಜಿನ್ನಿನ ಕೆಳಗೆ ಕೈ ಹಾಕುವ ಮುಂಚೆ ನನ್ನ ಕಡೆ ತಿರುಗಿ, "ಇಡ್ಲೇನ್ರಿ ಮಾಸ್ತರ?" ಎಂದು ಕೇಳುವರು. ಇದ್ದವರೆಲ್ಲ ನಗುವರು. ನಾನೂ ನಗುತ್ತಲೇ ಬಗ್ಗಿ, ಸುತ್ತಿಗೆಯಿಂದ ನಾಲ್ಕೂ ಕಾಲು ಬಡಿದು ಕೇಳಿ, "ಇಡ್ರಿ" ಎನ್ನುವೆ. ಅವರ ಕೈ ಹೊರಗೆ ಬರುವವರೆಗೆ ಸುತ್ತಿಗೆ ಕೆಳಗಿಡುವುದಿಲ್ಲ.

ನಿನ್ನೆ ಆ ಬಣ್ಣದ ವಾಸನೆಗೆ ಮನೆಯಲ್ಲಿ ಕೂರಲಾಗದೆ ಹುಮನಾಬಾದಿಗೆ ಹೋದೆ. ಸ್ಟ್ಯಾಂಡಿನ ಮೇಲೆ ಬೇರೆ ಯಾರದೋ ಇಂಜಿನ್ ಇತ್ತು. ಕಾಕಾ ನನ್ನನ್ನು ನೋಡಿ "ಬರ್ರಿ" ಎಂದರು, ಕಣ್ಣು ಮುಚ್ಚಿದರು, ಕೈ ಒಳಗೆ ತೂರಿಸಿಯೇಬಿಟ್ಟರು.

"ಕಾಕಾ, ನೀವು ಕೇಳಲೇ ಇಲ್ಲಲ್ರಿ?"

"ಮೂರು ವರ್ಷ ನೀವೇ ಬಡದು ನೋಡೀರಿ, ಏನು ಕೇಳೋದ್ರಿ ಇನ್ನ?" ಅವರು ಕಣ್ಣು ತೆರೆಯಲಿಲ್ಲ.

ಈಗ ಬಡಿದು ನೋಡುವಂತೆಯೂ ಇಲ್ಲ, ಕೈ ಆಗಲೇ ಒಳಗಿದೆ. ಬಿದ್ದರೆ ಇಬ್ಬರ ಕೈಮೇಲೂ ಬೀಳಲಿ ಎಂದು, ಅವರ ಪಕ್ಕಕ್ಕೆ ಹೋಗಿ ನಿಂತು, ಅವರ ಕೈಯ ಪಕ್ಕಕ್ಕೆ ನನ್ನ ಕೈಯನ್ನೂ ತೂರಿಸಿದೆ.