ಜಲ್ಲಿ ಕಚ್ಚಿದ ರೆಕ್ಕೆ

ಕುಮುದಾ ಅವರ ಸಿಟ್ಟು ಹುಟ್ಟುಗುಣವೆಂದು ಹೊಸನಗರದ ಕಡೆಯ ಜನ ನಂಬಿದ್ದಾರೆ. ಅದು ತಪ್ಪು. ಒಂದೇ ಮಾತನ್ನು ವರ್ಷಗಟ್ಟಲೆ ಹೇಳಿದರೂ ಕೇಳದವರ ನಡುವೆ ಕೆಲಸ ಮಾಡುವ ಯಾರಿಗಾದರೂ ಆ ಸಿಟ್ಟು ಬರಲೇಬೇಕು.

ಶರಾವತಿ ಹಿನ್ನೀರಿನ ದಡದಲ್ಲಿ ನಟರಾಜ್ ನಡೆಸುವ ಜಲಕ್ರೀಡಾ ಶಿಬಿರಕ್ಕೆ ಆಕೆ ಬಂದದ್ದು ಅಡುಗೆಗೆ. ಮೂವತ್ತು ದಾಟಿದ ಮೇಲೆ ಈಜು ಕಲಿತರು, ಕಯಾಕ್ ಕಲಿತರು. ಈಗ ಹೊಸಬರಿಗೆ ಕಲಿಸುವವರೂ ಅವರೇ. ಸಮುದ್ರಕ್ಕೆಂದೇ ಮಾಡಿದ, ಕಯಾಕ್ ಎಂಬ ಆ ಉದ್ದನೆಯ ಕಿರುದೋಣಿಗೆ ಒಂದು ಚಾಳಿಯಿದೆ. ಪಕ್ಕದಿಂದ ಗಾಳಿ ಬೀಸಿದರೆ ಅದು ಮೂತಿಯನ್ನು ಗಾಳಿಯತ್ತಲೇ ತಿರುಗಿಸುತ್ತದೆ. ನುರಿತವರು ಮೈ ವಾಲಿಸಿ ಸರಿಪಡಿಸಿಕೊಳ್ಳುತ್ತಾರೆ. ಹೊಸಬರಿಗೆ ಆಸರೆ ಬೇಕು.

ನಟರಾಜ್ ಮೊದಲು ತಂದದ್ದು ಕಾಲಿನಿಂದ ತಿರುಗಿಸುವ ಚುಕ್ಕಾಣಿಯ ದೋಣಿಗಳನ್ನು. ಪಿಕಪ್ ಓಡಿಸಿ ರೂಢಿಯಾದ ನಮ್ಮ ಗಂಡಸರು ಒಂದು ಪೆಡಲನ್ನು ಬ್ರೇಕೆಂದೂ ಇನ್ನೊಂದನ್ನು ಆಕ್ಸಿಲರೇಟರೆಂದೂ ತುಳಿದು, ಇದ್ದಲ್ಲೇ ಗಿರಕಿ ಹೊಡೆದರು. ನೀರಿಳಿದಾಗ ಮೇಲೇಳುವ ಮುಳುಗಡೆ ಕಾಡಿನ ಬೊಡ್ಡೆಗಳಿಗೆ ಬಡಿದು ಚುಕ್ಕಾಣಿಗಳು ಮುರಿದವು. ಆಮೇಲೆ ಬಂದದ್ದು ಸ್ಕೆಗ್. ದೋಣಿಯ ಹಿಂಬದಿಯ ಹೊಟ್ಟೆಯಲ್ಲಿರುವ ಸೀಳಿನೊಳಗೆ ಮಡಚಿಕೊಂಡಿರುವ, ಮೀನಿನ ರೆಕ್ಕೆಯಂಥ ಹಲಗೆ ಅದು. ಕೂತಲ್ಲಿಂದಲೇ ಗುಂಡಿ ಸರಿಸಿದರೆ ನೀರಿಗಿಳಿದು ದೋಣಿಯನ್ನು ನೇರ ನಡೆಸುತ್ತದೆ.

ಸೀಳಿಗೆ ಜಲ್ಲಿ ಹೊಕ್ಕರೆ ಮಾತ್ರ ಇಳಿಯದು. ದೋಣಿಯನ್ನು ನೆಲದ ಮೇಲೆ ಎಳೆದರೆ ಜಲ್ಲಿ ಹೊಗುತ್ತದೆ. ಅಡಿಕೆ ಹಾಳೆಯ ಮೇಲೆ ಒಬ್ಬರನ್ನೊಬ್ಬರು ಕೂರಿಸಿ ಎಳೆದಾಡಿ ಬೆಳೆದ ನಮ್ಮವರಿಗೆ, ಹಿಡಿಯಲು ತುದಿಯಿರುವುದೆಲ್ಲ ಎಳೆಯುವ ವಸ್ತುವೇ.

“ಎತ್ತಿ ಅಂದೆ! ಅದು ಹಾಳೆ ಅಲ್ಲ!”

“ಹಾಳೆಯಾಗಿದ್ರೆ ಹಗುರ ಇರ್ತಿತ್ತಲ್ಲೇ ಕುಮುದಾ,” ಎಂದು ಶಿಷ್ಯೆಯರಲ್ಲಿ ಹಿರಿಯಳಾದ ಬಂಗಾರಮ್ಮ ಏದುಸಿರು ಬಿಡುತ್ತಿದ್ದಳು. “ಇದು ಗಬ್ಬದ ಎಮ್ಮೆ.”

ಸುತ್ತಲ ಹಳ್ಳಿಗಳ ಐವರು ಹೆಂಗಸರ ಈ ತಂಡವನ್ನು ಹೊನ್ನಾವರದ ಸಮುದ್ರಕ್ಕೆ ತಾವೇ ಮುಂದಾಳಾಗಿ ಒಯ್ಯಬೇಕೆಂಬುದು ಕುಮುದಾ ಅವರ ಹಟವಾಗಿತ್ತು. ನಟರಾಜ್ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮಧ್ಯಾಹ್ನದ ಗಾಳಿಯಲ್ಲಿ ಐದು ದೋಣಿಗಳೂ ಎದುರಿನ ದ್ವೀಪಕ್ಕೆ ನೇರವಾಗಿ ಹೋಗಿ ಬರಬೇಕು.

ಕುಮುದಾ ಯಾರನ್ನೂ ನಂಬಲಿಲ್ಲ. ಪ್ರತಿ ರೆಕ್ಕೆಯ ತುದಿಗೆ ತೂತು ಕೊರೆದು, ರಿಪ್ಪನ್‌ಪೇಟೆಯಿಂದ ತಂದ ನೈಲಾನ್ ದಾರ ಕಟ್ಟಿದರು. ನಡುನೀರಿನಲ್ಲಿ ರೆಕ್ಕೆ ಸಿಕ್ಕಿಕೊಂಡರೆ ಜೊತೆಯವರು ಹಿಂದಿನಿಂದ ಬಂದು ದಾರ ಜಗ್ಗಿದರಾಯಿತು.

ಪರೀಕ್ಷೆಯ ದಿನ ಹೆಂಗಸರು ನಾಲ್ಕು ದೋಣಿಗಳನ್ನು ಎತ್ತಿಯೇ ತಂದರು. ಅಷ್ಟರಲ್ಲಿ ಅತಿಥಿಗಳ ವ್ಯಾನು ಬಂತು. “ತಡ ಆಯ್ತು, ಇದನ್ನ ನಾನೇ ತರ್ತೀನಿ,” ಎಂದು ನಟರಾಜ್ ಐದನೆಯದನ್ನು ಒಂದೇ ಕೈಯಲ್ಲಿ ದಡದ ಜಲ್ಲಿಯ ಮೇಲೆ ದರದರನೆ ಎಳೆದುಕೊಂಡು ಬಂದರು. ತಮ್ಮ ದೋಣಿಯಲ್ಲಿ ಆಗಲೇ ನೀರಿಗಿಳಿದಿದ್ದ ಕುಮುದಾ ಕೂಗಿದ್ದು ಗಾಳಿಯಲ್ಲಿ ಯಾರಿಗೂ ಕೇಳಲಿಲ್ಲ. ಸಿಕ್ಕಿಕೊಂಡರೆ ದಾರವಿದೆಯಲ್ಲ ಎಂದುಕೊಂಡು ಅವರು ಹೊರಟರು.

ಅರ್ಧ ದಾರಿಯಲ್ಲಿ ಆ ದೋಣಿಯ ಮೂತಿ ತಿರುಗಿತು. “ಅಕ್ಕಾ, ಗುಂಡಿ ಸರಿಸಿದ್ರೂ ಇಳೀತಾ ಇಲ್ಲ!” ಎಂದು ಅದರಲ್ಲಿದ್ದ ಭವ್ಯಾ ಅರಚಿದಳು. ಕುಮುದಾ ಹಿಂದಿನಿಂದ ಬಂದು ದೋಣಿಯ ಅಡಿಗೆ ಕೈ ಹಾಕಿ ತಡಕಿದರು. ದಾರವೇ ಇರಲಿಲ್ಲ.

“ನಿನ್ನೆ ಫೋಟೋ ತೆಗೆಯುವಾಗ ನಟರಾಜಣ್ಣ ಎಲ್ಲಾ ದಾರ ಕತ್ತರಿಸಿದ್ರು ಅಕ್ಕಾ. ಬಾಲದ ಹಾಗೆ ಕಾಣ್ತದೆ ಅಂದ್ರು.”

ಉಗುರು ಕಿತ್ತು ಬಂತು, ರೆಕ್ಕೆ ಬರಲಿಲ್ಲ. ನಾಲ್ವರು ದ್ವೀಪ ಮುಟ್ಟಿ ಬಂದರು. ಭವ್ಯಾಳ ದೋಣಿ ಗಾಳಿಗೆ ಸಿಕ್ಕಿ ಬೊಡ್ಡೆಗಳ ನಡುವೆ ಹೋಗಿ ನಿಂತಿತು.

“ನಾಲ್ಕು ಬಂತು, ಒಂದು ಬರ್ಲಿಲ್ಲ. ಮಾತು ಅಂದ್ರೆ ಮಾತಲ್ವಾ ಕುಮುದಕ್ಕ? ಮಳೆಗಾಲ ಕಳೀಲಿ, ನೋಡಾಣ,” ಎಂದರು ನಟರಾಜ್.

ಕುಮುದಾ ದೋಣಿಯನ್ನು ಮಗುಚಿ, ಬೀಗದ ಕೈಯಿಂದ ಸೀಳನ್ನು ಕೆದಕಿ, ಹೊರಬಂದ ಕಲ್ಲನ್ನು ನಟರಾಜರ ಅಂಗೈಯಲ್ಲಿಟ್ಟರು.

“ಇಷ್ಟು ಸಣ್ಣ ಕಲ್ಲಿಗೆ ಹೀಗಾಗ್ತದಾ?”

“ಆರು ವರ್ಷದಿಂದ ಆಗ್ತಾ ಇದೆ.”

ನಟರಾಜ್ ಕಲ್ಲನ್ನು ಜೇಬಿಗೆ ಹಾಕಿಕೊಂಡು ಅತಿಥಿಗಳತ್ತ ನಡೆದರು. ತೀರ್ಮಾನ ಬದಲಾಗಲಿಲ್ಲ, ಆ ವರ್ಷ ಸಮುದ್ರ ದಕ್ಕಲಿಲ್ಲ.

ಮರುದಿನ ಕುಮುದಾ ಐದೂ ದೋಣಿಗಳಿಗೆ ಮತ್ತೆ ದಾರ ಕಟ್ಟಿದರು. ಈ ಸಲ ಕೆಂಪು ದಾರ, ಮೊದಲಿನದಕ್ಕಿಂತ ದಪ್ಪ.

“ಫೋಟೋದಲ್ಲಿ ಕಾಣ್ತದಲ್ಲೇ,” ಎಂದಳು ಬಂಗಾರಮ್ಮ.

“ಕಾಣ್ಲಿ. ಆ ತುದಿ ಹಿಡಿ. ಎತ್ತು.”