ಗಿರಿಜಾ ದೊಡ್ಡಮ್ಮನ ಸೀರೆಯಂಚು

ನಾವು ಚಿಕ್ಕವರಿದ್ದಾಗ ಬಾರ್ಕೂರಿಗೆ ಬಂದ ಪ್ರವಾಸಿಗರು ನೋಡುವುದಕ್ಕೆ ಕತ್ತಲೆ ಬಸದಿಗೆ ಹೋಗುತ್ತಿದ್ದರು, ಕೊಳ್ಳುವುದಕ್ಕೆ ನಮ್ಮ ಗಿರಿಜಾ ದೊಡ್ಡಮ್ಮನ ಜಗಲಿಗೆ ಬರುತ್ತಿದ್ದರು. ಜಗಲಿಯ ಮೂಲೆಯಲ್ಲಿ ಮಗ್ಗ, ಹಗ್ಗದ ಮೇಲೆ ನಾಲ್ಕೈದು ಸೀರೆ, ಮನೆಯೆಲ್ಲ ನೂಲಿಗೆ ಹಚ್ಚುವ ಅಕ್ಕಿಗಂಜಿಯ ಹುಳಿವಾಸನೆ. ಬೇಸಿಗೆ ರಜೆ ಪೂರ್ತಿ ನಾನು ಅಲ್ಲೇ ಇರುತ್ತಿದ್ದೆ. ಬಸದಿಯ ಕಂಬಗಳ ನಡುವೆ ಕಣ್ಣಾಮುಚ್ಚಾಲೆ ಆಡಿ ದಣಿದು ಬಂದರೆ ಬೆಲ್ಲದ ನೀರು, ಸುಟ್ಟ ಹಲಸಿನ ಹಪ್ಪಳ.

ಬಸದಿಯ ಒಂದು ಕಂಬದ ಮೇಲೆ ಬಳ್ಳಿಯೊಳಗೆ ಹಕ್ಕಿಗಳನ್ನು ಕೆತ್ತಿದ್ದರು. ಅದನ್ನು ಚೌಕಳಿ ಹಾಳೆಗೆ ಇಳಿಸಿ, ಎಳೆ ಎಣಿಸಿ, ಸೀರೆಯ ಅಂಚಿಗೆ ತರಲು ದೊಡ್ಡಮ್ಮ ಎರಡು ಮಳೆಗಾಲ ಹೆಣಗಿದ್ದಳು.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಪೇಟೆಯಿಂದ ಒಬ್ಬ ಹೆಂಗಸು ಬಂದರು. ಪ್ರವಾಸಿಗರಿಗಾಗಿ ಪುಸ್ತಕ ಬರೆಯುತ್ತಿದ್ದೇನೆ ಎಂದರು. ನಾನು ಊರೆಲ್ಲ ತೋರಿಸಿದೆ. ದೊಡ್ಡಮ್ಮ ಒಲೆಯ ಮುಂದಿದ್ದಾಗ, ಅವರು ಕೇಳಿದರೆಂದು ಅಂಚಿನ ಆ ಹಾಳೆಯನ್ನೂ ತಂದು ತೋರಿಸಿದೆ.

"ಜೆರಾಕ್ಸ್ ಮಾಡಿಸಿ ಸಂಜೆ ತಂದುಕೊಡ್ತೇನೆ ಪುಟ್ಟಿ. ಪುಸ್ತಕದಲ್ಲಿ ನಿನ್ನ ದೊಡ್ಡಮ್ಮನ ಹೆಸರು ಬರುತ್ತೆ," ಎಂದರು.

ಹೆಮ್ಮೆಯಿಂದ ಕೊಟ್ಟುಬಿಟ್ಟೆ. ಸಂಜೆ ಅವರು ಬರಲಿಲ್ಲ. ಮರುದಿನವೂ ಬರಲಿಲ್ಲ.

"ಹಾಳೆ ಎಲ್ಲಿತ್ತ್ ಹೆಣ್ಣೆ?" ಎಂದು ದೊಡ್ಡಮ್ಮ ಕೇಳಿದಾಗ ಅಳುತ್ತಾ ಹೇಳಿದೆ.

"ನಂಗೊಂದ್ ಮಾತ್ ಹೇಳುಕಾಗ್ಲಿಲ್ಯಾ ನಿಂಗೆ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಬ್ರಹ್ಮಾವರದ ಹೆದ್ದಾರಿ ಬದಿಯಲ್ಲಿ ದೊಡ್ಡ ಸೀರೆ ಅಂಗಡಿಯೊಂದು ತೆರೆಯಿತು. ಗಾಜಿನ ಹಿಂದೆ ಅದೇ ಬಳ್ಳಿ, ಅದೇ ಹಕ್ಕಿ, ಮಿಷನ್ನಿನಲ್ಲಿ ನೇಯ್ದದ್ದು. ದೊಡ್ಡಮ್ಮ ನನ್ನ ಕೈ ಹಿಡಿದು ನೇರ ಒಳಗೆ ನಡೆದಳು.

"ಹ್ವಾಯ್, ಇದ್ ನಾನ್ ಹಾಕಿದ್ ಅಂಚ್. ನಿಮ್ಗೆ ಎಲ್ಲಿಂದ ಬಂತ್?"

ಗಲ್ಲೆಯಲ್ಲಿದ್ದವನು ನಕ್ಕ. "ಬಸದಿಯ ಕಂಬ ನಿಮ್ಮದಾ ಅಮ್ಮ?"

"ಕಂಬ ಊರಿಂದ್. ಅಂಚ್ ನಂದ್."

ಅಷ್ಟರಲ್ಲಿ ಒಳಗಿನಿಂದ ಅದೇ ಹೆಂಗಸು ಬಂದರು. ಅಂಗಡಿ ಅವರದೇ ಆಗಿತ್ತು. ದೊಡ್ಡಮ್ಮನ ಮುಖ ನೋಡದೆ ನನ್ನ ಕೆನ್ನೆ ಚಿವುಟಿ, "ಪುಟ್ಟಿ, ಎಷ್ಟು ಎತ್ತರ ಆಗಿದ್ದೀಯ!" ಎಂದರು. ಆ ಕೈಯನ್ನು ನಾನು ಕಚ್ಚಬೇಕಿತ್ತು. ಕಚ್ಚಲಿಲ್ಲ. ಇವತ್ತಿಗೂ ಆ ಕೆನ್ನೆ ಉರಿಯುತ್ತದೆ.

ದೊಡ್ಡಮ್ಮ ಆಮೇಲೆ ಆ ಅಂಚನ್ನು ನೇಯಲಿಲ್ಲ. ಬಂದವರೆಲ್ಲ, "ಹೆದ್ದಾರಿ ಅಂಗಡಿಯ ಸೀರೆಯ ನಕಲಾ ಇದು?" ಎಂದು ಅವಳನ್ನೇ ಕೇಳತೊಡಗಿದ್ದರು! ಮೂರು ವರ್ಷದಲ್ಲಿ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದಳು. ಅವಳು ಹೋಗಿ ಈಗ ಹತ್ತು ವರ್ಷ. ಎಳೆ ಎಣಿಸಿ ಆ ಹಕ್ಕಿಯನ್ನು ಎಬ್ಬಿಸಬಲ್ಲ ಒಂದೇ ಒಂದು ಕೈ ಈಗ ಬಾರ್ಕೂರಿನಲ್ಲಿಲ್ಲ.

ಈಗಿನ ಪ್ರವಾಸಿಗರಿಗೆ ಬಸದಿಯಲ್ಲಿ ಹತ್ತು ನಿಮಿಷ, ಹೆದ್ದಾರಿ ಅಂಗಡಿಯಲ್ಲಿ ಒಂದು ಗಂಟೆ. ಕಳೆದ ತಿಂಗಳು ನಾನೂ ಒಳಗೆ ಹೋದೆ. ಆ ಸೀರೆಯ ಮೇಲೆ 'ಪಾರಂಪರಿಕ ವಿನ್ಯಾಸ' ಎಂಬ ಚೀಟಿಯಿತ್ತು. ಯಾರ ಪರಂಪರೆ ಎಂದು ಕೇಳಿದೆ.

"ರಾಜರ ಕಾಲದ್ದು ಮೇಡಂ," ಎಂದಳು ಮಾರುವ ಹುಡುಗಿ.

"ಗಿರಿಜಾ ಅಂತ. ನಮ್ಮ ದೊಡ್ಡಮ್ಮ," ಎಂದೆ, ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ಅವಳು ತಲೆಯಾಡಿಸಿ, ಇನ್ನೊಂದು ಬಣ್ಣ ತೋರಿಸಲಾ ಎಂದಳು.